ಪಿಯುಸಿಯಲ್ಲೇ ಡಿಗ್ರಿಯ ಅಕೌಂಟ್ಸ್ ಓದಬಹುದೇ?

ಪ್ರಶ್ನೆ: ಸರ್, ನಮ್ಮದು ಬ್ರಹ್ಮಾವರದ ಹತ್ತಿರ. ಹತ್ತನೇ ತನಕ ಕನ್ನಡ ಮೀಡಿಯಂನಲ್ಲಿ ಓದಿ ಈಗ ಉಡುಪಿಯಲ್ಲಿ ಫಸ್ಟ್ ಪಿಯು ಕಾಮರ್ಸ್ ಮಾಡುತ್ತಿದ್ದೇನೆ. ಅಕೌಂಟ್ಸ್ ಅಂದರೆ ನನಗೆ ತುಂಬಾ ಇಷ್ಟ. ಅಣ್ಣ ಬಿ.ಕಾಂ.ನಲ್ಲಿ ಓದಿದ ಅಡ್ವಾನ್ಸ್‌ಡ್ ಫೈನಾನ್ಶಿಯಲ್ ಅಕೌಂಟಿಂಗ್ ಪುಸ್ತಕ ಮನೆಯಲ್ಲೇ ಉಂಟು. ಈಗಲೇ ಶುರು ಮಾಡಿದರೆ ಮುಂದೆ ಸಿ.ಎ.ಗೆ ಸುಲಭ ಆಗುತ್ತದಾ? ಲೆಕ್ಚರರ್ ‘ಮೊದಲು ನಮ್ಮದು ಮುಗಿಸು’ ಅಂತಾರೆ. ಅಪ್ಪನಿಗೆ ಹಾರ್ಡ್‌ವೇರ್ ಅಂಗಡಿ. ಅವರು ‘ಅದಕ್ಕಿಂತ ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಟ್ಯಾಲಿ ಕಲಿ’ ಅಂತಾರೆ. ಏನು ಮಾಡಲಿ?

ಉತ್ತರ: ಅಣ್ಣನ ಪುಸ್ತಕವನ್ನು ಅಟ್ಟಕ್ಕೆ ಹಾಕಬೇಡ. ಹಾಗಂತ ಮೊದಲ ಪುಟದಿಂದ ಸಾಲಾಗಿ ಓದಲಿಕ್ಕೂ ಹೋಗಬೇಡ. ಅದರಲ್ಲಿ ಈಗಲೇ ನಿನ್ನ ಕೈಗೆಟಕುವ ಒಂದೆರಡು ಪಾಠಗಳಿವೆ. ಉಳಿದವಕ್ಕೆ ಸೆಕೆಂಡ್ ಪಿಯು ಪುಸ್ತಕ ದಾಟಿಯೇ ಹೋಗಬೇಕು, ಅಡ್ಡದಾರಿ ಇಲ್ಲ. ನಿನ್ನ ಲೆಕ್ಚರರ್ ಹೇಳಿದ್ದು ಮುಕ್ಕಾಲು ಪಾಲು ಸರಿ. ಅಪ್ಪ ಹೇಳಿದ್ದರಲ್ಲೂ ವಿಷಯ ಉಂಟು, ಅದಕ್ಕೆ ಆಮೇಲೆ ಬರುತ್ತೇನೆ.

‘ಅಡ್ವಾನ್ಸ್‌ಡ್’ ಅಂತ ರಟ್ಟಿನ ಮೇಲೆ ಬರೆದಿದ್ದರೂ ಒಳಗಿನ ಸರಕು ಎಲ್ಲ ಕಡೆ ಒಂದೇ ಅಲ್ಲ. ಬಿ.ಕಾಂ. ಪುಸ್ತಕಗಳಲ್ಲಿ ಸಾಮಾನ್ಯವಾಗಿ ಬ್ರಾಂಚ್ ಅಕೌಂಟ್ಸ್, ಡಿಪಾರ್ಟ್‌ಮೆಂಟಲ್ ಅಕೌಂಟ್ಸ್, ಹೈರ್ ಪರ್ಚೇಸ್ (ಕಂತಿನಲ್ಲಿ ಕೊಳ್ಳುವುದರ ಲೆಕ್ಕ), ಇನ್ಶೂರೆನ್ಸ್ ಕ್ಲೇಮ್ ಇರುತ್ತವೆ. ಸಿ.ಎ. ಇಂಟರ್‌ಮೀಡಿಯೆಟ್‌ನ ಮೊದಲ ಪೇಪರ್ ಕೂಡ ಅಡ್ವಾನ್ಸ್‌ಡ್ ಅಕೌಂಟಿಂಗೇ. ಆದರೆ ಅಲ್ಲಿ ಅಕೌಂಟಿಂಗ್ ಸ್ಟ್ಯಾಂಡರ್ಡ್‌ಗಳು (ಲೆಕ್ಕ ಬರೆಯುವ ನಿಯಮಗಳು), ಕಂಪನಿಗಳ ವಿಲೀನ, ಕನ್ಸಾಲಿಡೇಷನ್ (ಒಂದೇ ಗುಂಪಿನ ಕಂಪನಿಗಳ ಲೆಕ್ಕ ಒಟ್ಟು ಮಾಡುವುದು) ಇವುಗಳದ್ದೇ ಕಾರುಬಾರು. ಹಾಗಾಗಿ ಮೊದಲು ಪುಸ್ತಕದ ಪರಿವಿಡಿ ನೋಡು. ಯಾವ ಪಾಠಕ್ಕೆ ಬರೀ ಟ್ರೇಡಿಂಗ್ ಅಕೌಂಟ್ (ಕೊಂಡು ಮಾರಿದ್ದರ ಲಾಭ ತೋರಿಸುವ ಖಾತೆ) ಗೊತ್ತಿದ್ದರೆ ಸಾಕು, ಯಾವುದಕ್ಕೆ ಶೇರು, ರಿಸರ್ವ್ (ಹಂಚದೆ ಎತ್ತಿಟ್ಟದ್ದು), ಗುಡ್‌ವಿಲ್ (ವ್ಯಾಪಾರದ ಒಳ್ಳೆ ಹೆಸರಿನ ಬೆಲೆ) ಎಲ್ಲ ಗೊತ್ತಿರಬೇಕು ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕಿಕೋ.

ಪುಸ್ತಕ ಬಿಡಿಸುವ ಮೊದಲು ನಿನ್ನನ್ನೇ ಒಂದು ಸಣ್ಣ ಪ್ರಶ್ನೆ ಕೇಳಿಕೋ. ಒಬ್ಬರು ಹೊಸ ಮಿಷನ್ ತಂದರು. ಅದನ್ನು ಕೂರಿಸಿದವರಿಗೆ ಕೊಟ್ಟ ಕೂಲಿ ₹5,000. ಗುಮಾಸ್ತರು ಅದನ್ನು ವೇಜಸ್ ಅಕೌಂಟಿಗೆ ಡೆಬಿಟ್ ಮಾಡಿಬಿಟ್ಟರು. ಟ್ರಯಲ್ ಬ್ಯಾಲೆನ್ಸ್, ಅಂದರೆ ಎಲ್ಲ ಡೆಬಿಟ್, ಕ್ರೆಡಿಟ್‌ಗಳ ಪಟ್ಟಿ, ಟ್ಯಾಲಿ ಆಗುತ್ತದಾ? ಸರಿ ಮಾಡುವ ಎಂಟ್ರಿ ಏನು? ಮಿಷನ್ ಮೇಲೆ ವರ್ಷಕ್ಕೆ ಶೇ 10 ಸವಕಳಿ ಇದ್ದರೆ ಲಾಭದಲ್ಲಿ ಎಷ್ಟು ವ್ಯತ್ಯಾಸ? ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗಿಯೇ ಆಗುತ್ತದೆ, ಅಲ್ಲಿ ತಪ್ಪು ಕಾಣುವುದೇ ಇಲ್ಲ. ಕೂರಿಸಿದ ಕೂಲಿ ಮಿಷನ್ ಬೆಲೆಗೇ ಸೇರುವಂಥದ್ದು, ಹಾಗಾಗಿ ಮಿಷನರಿ ಡೆಬಿಟ್, ವೇಜಸ್ ಕ್ರೆಡಿಟ್ ಅನ್ನೋದನ್ನು ನಿನ್ನ ಕ್ಲಾಸಿನಲ್ಲಿ ಅರ್ಧ ಜನ ಹೇಳುತ್ತಾರೆ. ಲಾಭ ₹5,000 ಏರುವುದಿಲ್ಲ, ಇಡೀ ವರ್ಷದ ಸವಕಳಿ ₹500 ಕಳೆದು ₹4,500 ಅಷ್ಟೇ ಏರುತ್ತದೆ ಅನ್ನೋದು ತುಂಬಾ ಕಡಿಮೆ ಜನಕ್ಕೆ ಹೊಳೆಯುತ್ತದೆ. ನಿನಗೆ ಇದು ಪುಸ್ತಕ ನೋಡದೆ ಬಂತು ಅಂದರೆ ಮುಂದೆ ಹೋಗು. ಬರಲಿಲ್ಲ ಅಂದರೆ ರೆಕ್ಟಿಫಿಕೇಷನ್ (ತಪ್ಪು ತಿದ್ದುವ) ಪಾಠಕ್ಕೆ ವಾಪಸ್. ಬೇಜಾರಿಲ್ಲ, ಫಸ್ಟ್ ಪಿಯುಗೆ ಇಡೀ ವರ್ಷ ಉಂಟಲ್ವಾ.

ಈಗ ಓದಬಹುದಾದ ಪಾಠಕ್ಕೆ ಬರೋಣ. ನನ್ನ ಆಯ್ಕೆ ಇನ್ಶೂರೆನ್ಸ್ ಕ್ಲೇಮ್. ಅದಕ್ಕೆ ಟ್ರೇಡಿಂಗ್ ಅಕೌಂಟ್ ಗೊತ್ತಿದ್ದರೆ ಸಾಕು. ನಿಮ್ಮ ಅಂಗಡಿಯನ್ನೇ ಇಟ್ಟುಕೊಳ್ಳೋಣ, ಅಂಕಿಗಳು ಮಾತ್ರ ನನ್ನವು. ಜುಲೈ ಮಳೆಗೆ ಗೋದಾಮಿಗೆ ನೀರು ನುಗ್ಗಿ ಸಿಮೆಂಟ್ ಎಲ್ಲ ಗಟ್ಟಿ ಆಯಿತು. ಆ ದಿನ ಎಷ್ಟು ಮಾಲಿತ್ತು ಅಂತ ಲೆಕ್ಕ ಇಲ್ಲ. ಏಪ್ರಿಲ್ 1ಕ್ಕೆ ಸ್ಟಾಕ್ ₹2,00,000. ನೀರು ನುಗ್ಗುವ ದಿನದವರೆಗೆ ಖರೀದಿ ₹7,40,000, ಮಾರಾಟ ₹8,00,000. ಅಪ್ಪ ಕೊಂಡ ಬೆಲೆಯ ಮೇಲೆ ಶೇ 25 ಲಾಭ ಇಟ್ಟು ಮಾರುತ್ತಾರೆ.

ಎಡವುವುದು ಇಲ್ಲೇ. ಹೆಚ್ಚಿನವರು ₹8,00,000ರ ಶೇ 25 ತೆಗೆದು ₹2,00,000 ಲಾಭ ಅಂತ ಬರೆಯುತ್ತಾರೆ. ಕೊಂಡ ಬೆಲೆ 100 ಆದರೆ ಮಾರಿದ್ದು 125. 125ರಲ್ಲಿ 25 ಅಂದರೆ ಐದರಲ್ಲಿ ಒಂದು, ಅಂದರೆ ಮಾರಾಟದ ಮೇಲೆ ಶೇ 20. ಹಾಗಾಗಿ ಲಾಭ ₹1,60,000, ಮಾರಿದ ಮಾಲಿನ ಅಸಲು ₹6,40,000. ಎರಡು ಲಕ್ಷ, ಏಳು ಲಕ್ಷ ನಲವತ್ತು ಸಾವಿರ ಕೂಡಿಸಿ ಇದನ್ನು ಕಳೆದರೆ ಆ ದಿನ ಗೋದಾಮಿನಲ್ಲಿದ್ದದ್ದು ₹3,00,000ದ ಮಾಲು. ತಪ್ಪು ಲೆಕ್ಕ ಹಾಕಿದವರಿಗೆ ₹3,40,000 ಬರುತ್ತದೆ. ₹40,000ದ ಮಾಲು ಉಳಿಯಿತು ಅಂದುಕೋ. ನಷ್ಟ ₹2,60,000. ಅಷ್ಟೂ ಸಿಗುತ್ತದಾ? ಪಾಲಿಸಿ ಇದ್ದದ್ದು ₹2,40,000ಕ್ಕೆ, ಅದರಲ್ಲಿ ಆವರೇಜ್ ಕ್ಲಾಝ್ ಅನ್ನುವ ಷರತ್ತು ಉಂಟು. ಮಾಲಿನ ಬೆಲೆಗಿಂತ ಕಡಿಮೆಗೆ ವಿಮೆ ಮಾಡಿಸಿದರೆ ನಷ್ಟದಲ್ಲೂ ಅದೇ ಪ್ರಮಾಣದ ಪಾಲು ನಮ್ಮ ತಲೆಗೆ. ₹2,60,000ವನ್ನು ₹2,40,000ದಿಂದ ಗುಣಿಸಿ ₹3,00,000ದಿಂದ ಭಾಗಿಸು. ಸಿಗುವುದು ₹2,08,000. ಈ ಪ್ರಾಬ್ಲಂ ಮಾಡಿ ಆದ ಮೇಲೆ ಅಂಗಡಿಯ ಪಾಲಿಸಿ ಎಷ್ಟಕ್ಕೆ ಉಂಟು, ನೆರೆ ನೀರಿಗೂ ಕವರ್ ಉಂಟಾ ಅಂತ ಅಪ್ಪನ ಹತ್ತಿರ ಒಂದು ಮಾತು ಕೇಳು. ಇದೇ ಶೇ 25, ಶೇ 20ರ ಗೊಂದಲ ಬ್ರಾಂಚ್ ಅಕೌಂಟ್‌ನಲ್ಲೂ ಬರುತ್ತದೆ, ಏಜೆಂಟ್ ಮೂಲಕ ಮಾರುವ ಕನ್ಸೈನ್‌ಮೆಂಟ್‌ನಲ್ಲೂ ಬರುತ್ತದೆ. ಈಗಲೇ ಗಟ್ಟಿ ಮಾಡಿಕೊಂಡರೆ ಡಿಗ್ರಿಯಲ್ಲಿ ಅರ್ಧ ಕಿರಿಕಿರಿ ತಪ್ಪುತ್ತದೆ.

ಡಿಪಾರ್ಟ್‌ಮೆಂಟಲ್ ಅಕೌಂಟ್ಸ್ ಕೂಡ ಈಗ ಓದಬಹುದು. ಒಂದು ಟ್ರೇಡಿಂಗ್ ಅಕೌಂಟಿಗೆ ಎರಡು ಮೂರು ಕಾಲಂ ಹಾಕಿ, ಬಾಡಿಗೆಯನ್ನು ಜಾಗದ ಲೆಕ್ಕದಲ್ಲಿ, ಜಾಹೀರಾತನ್ನು ಮಾರಾಟದ ಲೆಕ್ಕದಲ್ಲಿ ಹಂಚುವ ಕೆಲಸ. ಹೈರ್ ಪರ್ಚೇಸ್ ಸದ್ಯಕ್ಕೆ ಬಿಡು.

ಇನ್ನು ವಿಲೀನ ಮತ್ತು ಕನ್ಸಾಲಿಡೇಷನ್. ಇವಕ್ಕೆ ಕಾಯಲೇಬೇಕು, ಯಾಕೆ ಅಂತ ಹೇಳುತ್ತೇನೆ. ಸೆಕೆಂಡ್ ಪಿಯುನಲ್ಲಿ ಹೊಸ ಪಾಲುದಾರ ಸೇರುವ ಪಾಠ ಬರುತ್ತದೆ. ಉಡುಪಿಯಲ್ಲಿ ಇಬ್ಬರು ಸೇರಿ ಹೋಟೆಲ್ ನಡೆಸುತ್ತಾರೆ, ಲಾಭ 3:2ರಲ್ಲಿ ಹಂಚಿಕೆ. ಮೂರನೆಯವರು ಐದರಲ್ಲಿ ಒಂದು ಪಾಲಿಗೆ ಸೇರುತ್ತಾರೆ. ಹೋಟೆಲ್‌ನ ಸರಾಸರಿ ಲಾಭ ₹4,00,000. ಅದರ ಎರಡು ಪಟ್ಟು ಗುಡ್‌ವಿಲ್ ಅಂತ ಒಪ್ಪಿದರೆ ₹8,00,000. ಹೊಸಬರ ಪಾಲು ₹1,60,000. ಅದು ಹಳಬರಿಬ್ಬರಿಗೆ ₹96,000, ₹64,000 ಅಂತ ಹೋಗುತ್ತದೆ. ಬಹಳ ಮಕ್ಕಳು ಇಲ್ಲಿಯವರೆಗೆ ಬಾಯಿಪಾಠದಲ್ಲೇ ಮಾಡುತ್ತಾರೆ. ಹೊಸಬರು ದುಡ್ಡು ಯಾಕೆ ಕೊಡಬೇಕು ಅಂತ ಕೇಳಿದರೆ ಮಾತಿಲ್ಲ. ಹಳಬರು ಇನ್ನು ಮುಂದಿನ ಲಾಭದಲ್ಲಿ ತಮ್ಮ ಪಾಲನ್ನು ಬಿಟ್ಟುಕೊಡುತ್ತಿದ್ದಾರೆ, ಅದಕ್ಕೆ ಕೊಡುವ ಬೆಲೆ ಅದು. ಬಿಟ್ಟುಕೊಟ್ಟವರಿಗೆ, ಬಿಟ್ಟುಕೊಟ್ಟಷ್ಟಕ್ಕೆ ತಕ್ಕಂತೆ.

ಈಗ ಅಡ್ವಾನ್ಸ್‌ಡ್ ಪುಸ್ತಕಕ್ಕೆ ಹಾರು. ಒಂದು ಕಂಪನಿ ಇನ್ನೊಂದರ ಶೇ 60 ಶೇರನ್ನು ₹90 ಲಕ್ಷಕ್ಕೆ ಕೊಂಡಿತು. ಆ ಕಂಪನಿಯ ಆಸ್ತಿಯಲ್ಲಿ ಸಾಲ ಕಳೆದರೆ ಉಳಿಯುವುದು ₹1.2 ಕೋಟಿ. ಅದರ ಶೇ 60 ಅಂದರೆ ₹72 ಲಕ್ಷ. ಜಾಸ್ತಿ ಕೊಟ್ಟ ₹18 ಲಕ್ಷ ಗುಡ್‌ವಿಲ್, ಹೊರಗಿನ ಶೇರುದಾರರ ಪಾಲು ₹48 ಲಕ್ಷ. ಹೋಟೆಲ್‌ನಲ್ಲಿ ನಡೆದದ್ದೇ ಇಲ್ಲೂ ನಡೆದಿದೆ. ಕಣ್ಣಿಗೆ ಕಾಣುವ ಆಸ್ತಿಗಿಂತ ಜಾಸ್ತಿ ಕೊಟ್ಟಿದ್ದಾರೆ, ಮುಂದಿನ ಲಾಭದ ಆಸೆಗೆ. ಒಂದೇ ವ್ಯತ್ಯಾಸ. ಹೋಟೆಲ್‌ನ ಪುಸ್ತಕದಲ್ಲಿ ಗುಡ್‌ವಿಲ್ ಅಂತ ಆಸ್ತಿ ತೋರಿಸುವ ಹಾಗಿಲ್ಲ, ಬಂಡವಾಳದ ಖಾತೆಗಳ ಮೂಲಕವೇ ಹೊಂದಿಸಬೇಕು. ತಾನೇ ಬೆಳೆಸಿಕೊಂಡ ಹೆಸರಿಗೆ ತಾನೇ ಬೆಲೆ ಕಟ್ಟಿ ಬರೆದುಕೊಳ್ಳಲಿಕ್ಕೆ ಅಕೌಂಟಿಂಗ್ ಸ್ಟ್ಯಾಂಡರ್ಡ್ 26 ಬಿಡುವುದಿಲ್ಲ. ಕಂಪನಿ ಮಾತ್ರ ದುಡ್ಡು ಕೊಟ್ಟು ಕೊಂಡಿದೆ, ಹಾಗಾಗಿ ಕನ್ಸಾಲಿಡೇಟೆಡ್ ಬ್ಯಾಲೆನ್ಸ್ ಶೀಟಿನಲ್ಲಿ ಅದು ಆಸ್ತಿಯಾಗಿ ಕೂರುತ್ತದೆ. ಹೋಟೆಲ್ ಲೆಕ್ಕ ಅರ್ಥ ಆಗದೆ ಇಲ್ಲಿಗೆ ಬಂದರೆ ₹18 ಲಕ್ಷ ಬರೀ ಒಂದು ಕಳೆಯುವ ಲೆಕ್ಕ ಆಗಿಬಿಡುತ್ತದೆ. ಪರೀಕ್ಷೆಯಲ್ಲಿ ಪ್ರಶ್ನೆಯನ್ನು ಸ್ವಲ್ಪ ತಿರುಚಿ ಕೊಟ್ಟರೆ ಕೈ ನಿಲ್ಲುತ್ತದೆ.

ಕನ್ಸಾಲಿಡೇಷನ್‌ಗೆ ನಮ್ಮ ಊರಿನದ್ದೇ ಒಳ್ಳೆಯ ಉದಾಹರಣೆ ಉಂಟು. ಸುರತ್ಕಲ್ ಹತ್ತಿರದ ತೈಲ ಶುದ್ಧೀಕರಣ ಕಂಪನಿ ಎಂ.ಆರ್.ಪಿ.ಎಲ್. 2003ರಲ್ಲಿ ಅದು ಸರ್ಕಾರಿ ತೈಲ ಕಂಪನಿ ಓ.ಎನ್.ಜಿ.ಸಿ. ಕೈಗೆ ಹೋಯಿತು. ಈಗ ಅದರ ಶೇ 71.63 ಶೇರು ಓ.ಎನ್.ಜಿ.ಸಿ.ಯದ್ದು, ಶೇ 16.96 ಇನ್ನೊಂದು ತೈಲ ಕಂಪನಿ ಎಚ್.ಪಿ.ಸಿ.ಎಲ್.ನದ್ದು. ಓ.ಎನ್.ಜಿ.ಸಿ.ಯ ಕನ್ಸಾಲಿಡೇಟೆಡ್ ಲೆಕ್ಕದಲ್ಲಿ ಎಂ.ಆರ್.ಪಿ.ಎಲ್.ನ ಆಸ್ತಿಯ ಶೇ 71.63 ಮಾತ್ರ ಸೇರಿಸುತ್ತಾರೆ ಅಂದುಕೊಂಡೆಯಾ? ಇಲ್ಲ. ಪೂರ್ತಿ ನೂರಕ್ಕೆ ನೂರು ಸೇರಿಸುತ್ತಾರೆ, ಯಾಕೆಂದರೆ ಅದನ್ನು ನಡೆಸುವ ಅಧಿಕಾರ ಅವರದ್ದು. ಹೊರಗಿನವರಿಗೆ ಸೇರಬೇಕಾದ್ದನ್ನು ಬೇರೆ ಸಾಲಿನಲ್ಲಿ ತೋರಿಸುತ್ತಾರೆ.

ಹೊರಗಿನವರು ಎಷ್ಟು ಅನ್ನೋದು ಇನ್ನೂ ಮಜಾ. 2018ರಿಂದ ಎಚ್.ಪಿ.ಸಿ.ಎಲ್. ಕೂಡ ಓ.ಎನ್.ಜಿ.ಸಿ.ಯ ಕೈಕೆಳಗೇ ಉಂಟು, ಅದರಲ್ಲಿ ಓ.ಎನ್.ಜಿ.ಸಿ.ಗೆ ಶೇ 54.90 ಪಾಲು. ಹಾಗಾದರೆ ಎಚ್.ಪಿ.ಸಿ.ಎಲ್. ಮೂಲಕ ಸುತ್ತಿ ಬರುವ ಪಾಲು 16.96ರ ಶೇ 54.90, ಅಂದರೆ ಸುಮಾರು 9.31. ಎರಡೂ ಕೂಡಿಸಿದರೆ ಹತ್ತಿರ ಹತ್ತಿರ ಶೇ 81. ನಿಜವಾಗಿ ಹೊರಗಿನವರಿಗೆ ಉಳಿಯುವುದು ಶೇ 19ರಷ್ಟೇ. ಇದರಲ್ಲಿ ನಿನಗೆ ಬಾರದ ಗಣಿತ ಯಾವುದೂ ಇಲ್ಲ. ಇನ್ನೂ ಒಂದು ಯೋಚನೆ ಮಾಡು. ಓ.ಎನ್.ಜಿ.ಸಿ. ತೆಗೆದ ಕಚ್ಚಾ ತೈಲವನ್ನು ಎಂ.ಆರ್.ಪಿ.ಎಲ್.ಗೆ ಮಾರಿದರೆ ಒಂದು ಕಡೆ ಮಾರಾಟ, ಇನ್ನೊಂದು ಕಡೆ ಖರೀದಿ. ಇಡೀ ಗುಂಪನ್ನು ಒಂದೇ ಮನೆ ಅಂತ ನೋಡಿದರೆ ಮಾರಾಟವೇ ಆಗಿಲ್ಲ, ಎಣ್ಣೆ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋಗಿದೆ ಅಷ್ಟೆ. ಹಾಗಾಗಿ ಎರಡನ್ನೂ ಹೊಡೆದು ಹಾಕುತ್ತಾರೆ. ಈ ವಾರ್ಷಿಕ ವರದಿಗಳು ಕಂಪನಿಗಳ ವೆಬ್‌ಸೈಟಿನಲ್ಲೇ ಪುಕ್ಕಟೆ ಸಿಗುತ್ತವೆ. ಸೆಕೆಂಡ್ ಪಿಯುನಲ್ಲಿ ಕಂಪನಿ ಅಕೌಂಟ್ಸ್ ಶುರು ಆದ ಮೇಲೆ ಒಂದನ್ನು ಇಳಿಸಿಕೊಂಡು ನೋಡು. ಬ್ಯಾಲೆನ್ಸ್ ಶೀಟ್ ಸಿಗುವವರೆಗೆ ನೂರಾರು ಪುಟ ಸುಮ್ನೆ ಸರಿಸಿಬಿಡು.

ವಿಲೀನದ ಪಾಠಕ್ಕೂ ದೂರ ಹೋಗಬೇಕಿಲ್ಲ. ನಮ್ಮ ಎರಡು ಜಿಲ್ಲೆಗಳಲ್ಲಿ ಹುಟ್ಟಿದಷ್ಟು ಬ್ಯಾಂಕು ಬೇರೆಲ್ಲಿ ಹುಟ್ಟಿವೆ ಹೇಳು? ಕೆನರಾ ಬ್ಯಾಂಕ್ ಮಂಗಳೂರಿನಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಉಡುಪಿಯಲ್ಲಿ, ಎರಡೂ 1906ರಲ್ಲೇ. ಸಿಂಡಿಕೇಟ್ 1925ರದ್ದು, ಅದೂ ಉಡುಪಿಯದ್ದೇ. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾದೊಳಗೆ ಸೇರಿತು, ಅದೇ ದಿನ ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನೊಳಗೆ. ಸಿಂಡಿಕೇಟ್‌ನ 1,000 ಶೇರಿಗೆ ಕೆನರಾದ 158 ಶೇರು ಅಂತ ಗೊತ್ತುಮಾಡಿದ್ದರು. ನಿಮ್ಮ ಅಜ್ಜನ ಹತ್ತಿರ ಸಿಂಡಿಕೇಟ್‌ನ 500 ಶೇರು ಇದ್ದಿದ್ದರೆ ಕೈಗೆ ಬಂದದ್ದು 79. ಆಗ ಎಷ್ಟೋ ಮನೆಗಳಲ್ಲಿ ‘ನಮ್ಮ ಶೇರು ಎಲ್ಲಿ ಹೋಯಿತು’ ಅಂತ ಹಿರಿಯರು ಗಾಬರಿ ಬಿದ್ದದ್ದು ಇದಕ್ಕೇ. ಎಣಿಕೆ ಕಡಿಮೆ ಆಯಿತು ನಿಜ, ಆದರೆ ಕೆನರಾದ ಒಂದು ಶೇರಿನ ಬೆಲೆ ಸಿಂಡಿಕೇಟ್‌ನ ಒಂದು ಶೇರಿಗಿಂತ ಎಷ್ಟೋ ಜಾಸ್ತಿ ಇತ್ತು. ಪುಸ್ತಕದಲ್ಲಿ ಪರ್ಚೇಸ್ ಕನ್ಸಿಡರೇಷನ್ ಅಂತ ಬರುವುದು ಈ ಲೆಕ್ಕವೇ. ಮುಖಬೆಲೆ ಎರಡೂ ಕಡೆ ₹10 ಇದ್ದಾಗ 1,000 ಶೇರಿನ ₹10,000ದ ಹಳೇ ಬಂಡವಾಳ ಅಳಿಸಿ 158 ಶೇರಿನ ₹1,580ರ ಹೊಸ ಬಂಡವಾಳ ಬರೆಯುತ್ತೇವೆ. ಉಳಿದ ₹8,420 ಎಲ್ಲಿಗೆ ಹೋಗಬೇಕು? ಪುಸ್ತಕದ ಪೂಲಿಂಗ್ ವಿಧಾನದಲ್ಲಿ (ಎರಡರ ಲೆಕ್ಕವನ್ನೂ ಇದ್ದ ಹಾಗೇ ಕೂಡಿಸುವುದು) ರಿಸರ್ವ್‌ಗೆ. ರಿಸರ್ವ್ ಅಂದರೆ ಏನು ಅಂತಲೇ ಗೊತ್ತಿಲ್ಲದೆ ಈ ಪಾಠ ತೆಗೆದರೆ ಏನಾಗುತ್ತದೆ ಅಂತ ನೀನೇ ಹೇಳು.

ಹಾಗಾಗಿ ನಿನ್ನ ದಾರಿ ಹೀಗೆ. ಈ ವರ್ಷ ಫಸ್ಟ್ ಪಿಯು ಪುಸ್ತಕ, ಜೊತೆಗೆ ಬೇಕಿದ್ದರೆ ಇನ್ಶೂರೆನ್ಸ್ ಕ್ಲೇಮ್. ಏಪ್ರಿಲ್ ರಜೆಯಲ್ಲಿ ಅಣ್ಣನ ಪುಸ್ತಕ ಅಲ್ಲ, ಸೆಕೆಂಡ್ ಪಿಯುನ ಪಾಲುದಾರಿಕೆ ಪಾಠಗಳು. ವಿಲೀನ, ಕನ್ಸಾಲಿಡೇಷನ್ ಸೆಕೆಂಡ್ ಪಿಯು ಪರೀಕ್ಷೆ ಮುಗಿದ ಮೇಲೆ.

ಇದರ ನಡುವೆ ಮಾಡಬೇಕಾದ ಒಂದು ಕೆಲಸ ಉಂಟು, ಅದಕ್ಕೆ ಪುಸ್ತಕ ಬೇಡ. ಅಪ್ಪನ ಅಂಗಡಿಯ ಲೆಕ್ಕ. ಫಸ್ಟ್ ಪಿಯುನ ಕೊನೆಯಲ್ಲಿ ಇನ್‌ಕಂಪ್ಲೀಟ್ ರೆಕಾರ್ಡ್ಸ್ (ಪೂರ್ತಿ ಬರೆದಿಡದ ಲೆಕ್ಕ) ಅಂತ ಪಾಠ ಬರುತ್ತದೆ. ‘ಪರೀಕ್ಷೆಗೆ ಒಂದು ಪ್ರಶ್ನೆ’ ಅಂತ ಓದಿಸಿ ಮುಂದೆ ಹೋಗುವವರೇ ಹೆಚ್ಚು. ನನ್ನ ಪ್ರಕಾರ ಇಡೀ ಪುಸ್ತಕದಲ್ಲಿ ಊರಿನ ಅಂಗಡಿಗಳಿಗೆ ಅತಿ ಹತ್ತಿರದ ಪಾಠ ಅದು. ಏಪ್ರಿಲ್ 1ಕ್ಕೆ ಅಂಗಡಿಯಲ್ಲಿದ್ದ ಮಾಲು, ಬ್ಯಾಂಕಿನಲ್ಲಿದ್ದ ಹಣ, ಗಿರಾಕಿಗಳಿಂದ ಬರಬೇಕಾದ ಉದ್ರಿ ಎಲ್ಲ ಕೂಡಿಸಿ ಸಾಲ ಕಳೆದರೆ ₹6,50,000 ಅಂದುಕೋ. ಮಾರ್ಚ್ 31ಕ್ಕೆ ಅದೇ ಲೆಕ್ಕ ₹7,10,000. ‘ಇಡೀ ವರ್ಷ ದುಡಿದು ಅರವತ್ತು ಸಾವಿರವಾ’ ಅಂತ ಯಾರಿಗೂ ಅನ್ನಿಸುತ್ತದೆ. ಆದರೆ ಮನೆಖರ್ಚಿಗೆ ತಿಂಗಳಿಗೆ ₹25,000 ತೆಗೆದಿದ್ದಾರೆ, ವರ್ಷಕ್ಕೆ ₹3,00,000. ನಡುವೆ ಚಿಟ್ ಫಂಡ್ ಹಣ ₹50,000 ಅಂಗಡಿಗೆ ಹಾಕಿದ್ದಾರೆ. ಅರವತ್ತು ಸಾವಿರಕ್ಕೆ ಮೂರು ಲಕ್ಷ ಕೂಡಿಸು, ಐವತ್ತು ಸಾವಿರ ಕಳೆ. ಲಾಭ ₹3,10,000. ಮನೆಗೆ ಹೊಡೆದ ಪೇಂಟ್ ಅಂಗಡಿಯಿಂದಲೇ ಬಂದಿದ್ದರೆ ಅದನ್ನೂ ಕೂಡಿಸಬೇಕು, ಅದೂ ಡ್ರಾಯಿಂಗ್ಸೇ, ಅಂದರೆ ಮಾಲೀಕರು ಸ್ವಂತಕ್ಕೆ ತೆಗೆದದ್ದು. ನಿಜವಾದ ಉದ್ರಿ ಪುಸ್ತಕ ಹಿಡಿದು ಕೂತರೆ ಇನ್ನೊಂದೂ ಗೊತ್ತಾಗುತ್ತದೆ. ಪಠ್ಯಪುಸ್ತಕದಲ್ಲಿ ಬರಬೇಕಾದ ಹಣ ಇಷ್ಟು ಅಂತ ಕೊಟ್ಟುಬಿಡುತ್ತಾರೆ. ಅಂಗಡಿಯಲ್ಲಿ ಅದರಲ್ಲಿ ಎಷ್ಟು ಬರುತ್ತದೆ, ಎಷ್ಟು ಮುಳುಗಿತು ಅಂತ ಹೆಸರು ಹೆಸರು ನೋಡಿ ತೀರ್ಮಾನ ಮಾಡಬೇಕು. ಮುಳುಗಬಹುದಾದ ಸಾಲಕ್ಕೆ ಮೊದಲೇ ಎತ್ತಿಡುವ ಪ್ರಾವಿಷನ್ ಅನ್ನೋದು ಯಾಕೆ ಹುಟ್ಟಿತು ಅಂತ ಆಗ ತಿಳಿಯುತ್ತದೆ.

ಸಿ.ಎ. ಬಗ್ಗೆ ಕೇಳಿದ್ದೀ. ಹತ್ತನೇ ಆದ ಮೇಲೆ ಅದರ ಮೊದಲ ಹಂತ ಫೌಂಡೇಷನ್‌ಗೆ ಹೆಸರು ನೋಂದಾಯಿಸಬಹುದು, ಪರೀಕ್ಷೆ ಬರೆಯುವುದು ಸೆಕೆಂಡ್ ಪಿಯು ಪರೀಕ್ಷೆ ಬರೆದ ಮೇಲೆ. ನಾಲ್ಕು ಪೇಪರ್: ಅಕೌಂಟಿಂಗ್, ಬಿಸಿನೆಸ್ ಲಾಸ್ (ವ್ಯಾಪಾರದ ಕಾನೂನು), ಕ್ವಾಂಟಿಟೇಟಿವ್ ಆಪ್ಟಿಟ್ಯೂಡ್, ಬಿಸಿನೆಸ್ ಎಕನಾಮಿಕ್ಸ್. ಪ್ರತಿ ಪೇಪರಿನಲ್ಲಿ ಶೇ 40, ಒಟ್ಟಿನಲ್ಲಿ ಶೇ 50 ಬರಬೇಕು. ಅಕೌಂಟ್ಸ್ ಇಷ್ಟ ಇರುವ ಮಕ್ಕಳು ಫೇಲ್ ಆಗುವುದು ಅಕೌಂಟ್ಸ್‌ನಲ್ಲಲ್ಲ. ಮೂರನೇ ಪೇಪರಿನಲ್ಲಿ ಗಣಿತಕ್ಕೆ 40, ಸ್ಟಾಟಿಸ್ಟಿಕ್ಸ್‌ಗೆ 40 ಅಂಕ, ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ನಿನ್ನ ಕಾಂಬಿನೇಷನ್‌ನಲ್ಲಿ ಸ್ಟಾಟಿಸ್ಟಿಕ್ಸ್ ಅಥವಾ ಬೇಸಿಕ್ ಮ್ಯಾಥ್ಸ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ದಿನಾ ಅರ್ಧ ಗಂಟೆ ಅದಕ್ಕೆ ಇಡು. ಅಣ್ಣನ ಪುಸ್ತಕಕ್ಕಿಂತ ಅದು ಮುಖ್ಯ.

ಎರಡನೆಯದು ಭಾಷೆ. ಪಿಯುಸಿಯನ್ನು ಕನ್ನಡದಲ್ಲಿ ಬರೆಯಬಹುದು. ಸಿ.ಎ. ಪರೀಕ್ಷೆಗೆ ಇಂಗ್ಲಿಷ್ ಅಥವಾ ಹಿಂದಿ ಮಾತ್ರ. ಅಕೌಂಟ್ಸ್‌ನಲ್ಲಿ ಅಂಕಿಗಳೇ ಮಾತಾಡುತ್ತವೆ, ತೊಂದರೆ ಇಲ್ಲ. ಬಿಸಿನೆಸ್ ಲಾಸ್ ಹಾಗಲ್ಲ, ಅದರಲ್ಲಿ ಪ್ಯಾರಾ ಪ್ಯಾರಾ ಬರೆಯಬೇಕು. ಈಗಿನಿಂದಲೇ ಜರ್ನಲ್ ಎಂಟ್ರಿಯ ಕೆಳಗಿನ ನರೇಷನ್, ವರ್ಕಿಂಗ್ ನೋಟ್ಸ್ ಎಲ್ಲ ಇಂಗ್ಲಿಷಿನಲ್ಲಿ ಬರೆ. ಅರ್ಥ ಮಾಡಿಕೊಳ್ಳುವುದು ಕನ್ನಡದಲ್ಲೇ ಇರಲಿ, ಅದಕ್ಕೆ ನಾಚಿಕೆ ಬೇಡ. ಸಿ.ಎ. ಪರೀಕ್ಷೆ ನಡೆಸುವ ಇನ್‌ಸ್ಟಿಟ್ಯೂಟಿನ ಶಾಖೆ ಉಡುಪಿಯಲ್ಲೂ ಉಂಟು, ಮಂಗಳೂರಿನಲ್ಲೂ ಉಂಟು. ಅವರ ಸ್ಟಡಿ ಮೆಟೀರಿಯಲ್ ವೆಬ್‌ಸೈಟಿನಲ್ಲಿ ಹಣ ಇಲ್ಲದೆ ಸಿಗುತ್ತದೆ. ಕಾಲೇಜು ಬಿಟ್ಟ ಮೇಲೆ ಮತ್ತೆ ಮೂರು ತಾಸು ಕೂರಿಸುವ ಕೋಚಿಂಗ್‌ಗೆ ಫಸ್ಟ್ ಪಿಯುನಲ್ಲೇ ಸೇರಬೇಕಾ ಅಂದರೆ ನಾನು ಬೇಡ ಅನ್ನುತ್ತೇನೆ. ಬ್ರಹ್ಮಾವರಕ್ಕೆ ರಾತ್ರಿ ಎಂಟಕ್ಕೆ ಬಸ್ಸಿನಲ್ಲಿ ನಿಂತುಕೊಂಡು ಬಂದು ಇನ್ಯಾವಾಗ ಪ್ರಾಬ್ಲಂ ಬಿಡಿಸುತ್ತೀ?

ಕೊನೆಗೆ ಅಪ್ಪನ ಟ್ಯಾಲಿ. ಕಲಿಯಬೇಕು, ಆದರೆ ಕೈಯಲ್ಲಿ ಫೈನಲ್ ಅಕೌಂಟ್ಸ್ ಮಾಡಲು ಬಂದ ಮೇಲೆ. ಟ್ಯಾಲಿಗೆ ವೋಚರ್ ಹಾಕಿದರೆ ಲೆಡ್ಜರ್, ಟ್ರಯಲ್ ಬ್ಯಾಲೆನ್ಸ್ ಎಲ್ಲ ಅದೇ ಮಾಡಿಕೊಡುತ್ತದೆ. ಮೊದಲೇ ಹೇಳಿದ ಆ ಕೂಲಿಯ ₹5,000 ವೇಜಸ್‌ಗೆ ಹಾಕಿದರೂ ಅದು ತಕರಾರು ಮಾಡುವುದಿಲ್ಲ. ಕ್ಲಾಸಿಗೆ ಫೀಸ್ ಕಟ್ಟುವ ಮೊದಲು ಮನೆಯ ಕಂಪ್ಯೂಟರಿನಲ್ಲಿ ಎಜುಕೇಷನಲ್ ಮೋಡ್‌ನಲ್ಲಿ ಹಾಕಿ ನೋಡು, ಅದಕ್ಕೆ ಲೈಸೆನ್ಸ್ ಬೇಡ. ಆ ಮೋಡ್‌ನಲ್ಲಿ ತಿಂಗಳ 1, 2 ಮತ್ತು 31ನೇ ತಾರೀಕಿನ ಎಂಟ್ರಿ ಮಾತ್ರ ತಗೊಳ್ಳುತ್ತದೆ. ಹಾಗಾಗಿ ಅಂಗಡಿಯ ಒಂದು ವಾರದ ಬಿಲ್ಲುಗಳನ್ನು ಎಲ್ಲ 1ನೇ ತಾರೀಕಿಗೇ ಹಾಕು. ಮೊದಲು ನೋಟ್‌ಬುಕ್ಕಿನಲ್ಲಿ ಕೈಯಾರೆ ಟ್ರಯಲ್ ಬ್ಯಾಲೆನ್ಸ್ ತೆಗೆ, ಆಮೇಲೆ ಟ್ಯಾಲಿಯದ್ದರ ಜೊತೆ ಹೋಲಿಸು. ವ್ಯತ್ಯಾಸ ಬಂದರೆ ಎಲ್ಲಿ ಅಂತ ಹುಡುಕಿ ಆದ ಮೇಲೆ ನನಗೆ ಇನ್ನೊಂದು ಪತ್ರ ಬರೆ.